‘ಎಷ್ಟು ಕೊಡುತ್ತದೆ?’: ಮೈಲೇಜ್ ಲೆಕ್ಕದ ಒಳಹೊರಗು

ಹೊಸದಾಗಿ ಗಾಡಿ ಕೊಂಡವರನ್ನು ಪರಿಚಯದವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಕೊಡುತ್ತದೆ?’ ಎಂಬುದು. ಏನನ್ನು ಎಂದು ಬಿಡಿಸಿ ಹೇಳಬೇಕಾಗಿಲ್ಲ, ಲೀಟರಿಗೆ ಎಷ್ಟು ಕಿಲೋಮೀಟರ್ ಎಂದೇ ಎಲ್ಲರಿಗೂ ಅರ್ಥವಾಗುತ್ತದೆ. ಹಸು ಹಾಲು ಕೊಟ್ಟ ಹಾಗೆ ಗಾಡಿ ಮೈಲೇಜ್ ಕೊಡುತ್ತದೆ ಎಂಬ ಭಾವನೆ ಈ ಮಾತಿನ ಬೆನ್ನಿಗಿದೆ. ಆದರೆ ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಂದ ಎರಡು ಕಾರುಗಳಲ್ಲಿ ಒಂದು ಲೀಟರಿಗೆ 12 ಕಿ.ಮೀ., ಇನ್ನೊಂದು 18 ಕಿ.ಮೀ. ಓಡುವುದು ಅಪರೂಪವೇನಲ್ಲ, ಮತ್ತು ಎರಡರಲ್ಲೂ ಯಾವ ದೋಷವೂ ಇಲ್ಲದಿರಬಹುದು. ಗಾಡಿ, ದಾರಿ, ವೇಗ, ಭಾರ, ಹವೆ ಮತ್ತು ಓಡಿಸುವವರ ಪಾದ ಇವೆಲ್ಲ ಸೇರಿ ಒಂದೊಂದು ಪ್ರಯಾಣದಲ್ಲೂ ಹೊಸದಾಗಿ ಹುಟ್ಟಿಸುವ ಅಂಕಿ ಅದು. ಅದನ್ನು ಗಾಡಿಯ ಹಣೆಬರಹವೆಂದು ಓದುವುದರಿಂದಲೇ ಖರೀದಿಯಲ್ಲಿ, ಚಾಲನೆಯಲ್ಲಿ, ಸರ್ಕಾರಗಳ ನೀತಿಯಲ್ಲಿಯೂ ತಪ್ಪುಗಳಾಗುತ್ತಿವೆ ಎಂಬುದು ನನ್ನ ಅಭಿಪ್ರಾಯ.

ಲೀಟರಿನ ಒಳಗಿನಿಂದಲೇ ಲೆಕ್ಕ ಆರಂಭಿಸೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 9 ಯೂನಿಟ್. ಡೀಸೆಲ್ ಇನ್ನಷ್ಟು ಸಾಂದ್ರವಾದುದು, ಲೀಟರಿಗೆ ಸುಮಾರು 36 ಮೆಗಾಜೂಲ್; ಡೀಸೆಲ್ ಗಾಡಿಗಳ ಮೈಲೇಜ್ ಹೆಚ್ಚು ಕಾಣುವುದಕ್ಕೆ ಎಂಜಿನ್ನಿನ ದಕ್ಷತೆಯ ಜೊತೆಗೆ ಇದೂ ಒಂದು ಕಾರಣ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಈ ಶಕ್ತಿಯ ಕಾಲು ಭಾಗದ ಆಸುಪಾಸು ಮಾತ್ರ ಚಕ್ರವನ್ನು ತಲುಪುತ್ತದೆ. ಉಳಿದದ್ದರಲ್ಲಿ ಬಹುಪಾಲು ಶಾಖವಾಗಿ ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಹೊರಹೋಗುತ್ತದೆ. ದೂರ ಓಡಿಸಿ ಬಂದು ನಿಲ್ಲಿಸಿದ ಕಾರಿನ ಬಾನೆಟ್ ಮೇಲೆ ಕೈಯಿಟ್ಟರೆ ತಾಗುವ ಬಿಸಿ, ನಾವು ಹಣ ಕೊಟ್ಟು ತುಂಬಿಸಿದ ಇಂಧನದ್ದೇ.

ಚಕ್ರಕ್ಕೆ ತಲುಪಿದ ಆ ಕಾಲು ಭಾಗದ ಮೇಲೆ ಹಕ್ಕು ಸಾಧಿಸುವವರು ಮುಖ್ಯವಾಗಿ ಮೂವರು: ಟಯರು, ಗಾಳಿ ಮತ್ತು ಬ್ರೇಕು. 1200 ಕೆ.ಜಿ. ತೂಗುವ ಸಾಧಾರಣ ಕಾರೊಂದನ್ನು ತೆಗೆದುಕೊಂಡು ನೋಡಬಹುದು. ಟಯರುಗಳು ಉರುಳುವಾಗ ಹಿಸುಕಿ ಮತ್ತೆ ಹಿಗ್ಗುವುದರಿಂದ ಉಂಟಾಗುವ ತಡೆ, 12 ಕೆ.ಜಿ. ಭಾರವನ್ನು ಎತ್ತಿ ಹಿಡಿಯಲು ಬೇಕಾಗುವಷ್ಟು ಬಲ. ವೇಗ ಹೆಚ್ಚಿದರೂ ಇದು ಬಹಳ ಬದಲಾಗುವುದಿಲ್ಲ. ಗಾಳಿಯ ತಡೆ ಹಾಗಲ್ಲ, ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಗಂಟೆಗೆ 50 ಕಿ.ಮೀ. ವೇಗದಲ್ಲಿ 8 ಕೆ.ಜಿ.ಯಷ್ಟಿರುವ ಗಾಳಿಯ ಒತ್ತು 80ರಲ್ಲಿ 20 ಕೆ.ಜಿ. ಆಗುತ್ತದೆ, 100ರಲ್ಲಿ 31 ಕೆ.ಜಿ. ಆಗುತ್ತದೆ. ಎರಡನ್ನೂ ಕೂಡಿಸಿ ಲೀಟರಿಗೆ ಇಳಿಸಿದರೆ, ಸಮತಟ್ಟಾದ ರಸ್ತೆಯಲ್ಲಿ 80ರ ವೇಗದಲ್ಲಿ ಲೀಟರಿಗೆ 25 ಕಿ.ಮೀ. ದಾಟುವ ಆ ಕಾರು 100ರ ವೇಗದಲ್ಲಿ 19ಕ್ಕೆ ಇಳಿಯುತ್ತದೆ. 100 ಕಿ.ಮೀ. ದಾರಿಯಲ್ಲಿ ಉಳಿಯುವ ಸಮಯ 15 ನಿಮಿಷ, ಅದಕ್ಕೆ ತೆರುವ ಬೆಲೆ ಸುಮಾರು 1.3 ಲೀಟರ್. ಆ ಕಾಲು ಗಂಟೆ ಕೆಲವರಿಗೆ, ಕೆಲವು ದಿನ, ಆ ಬೆಲೆ ಬಾಳೀತು. ವಿನಿಮಯ ನಡೆಯುತ್ತಿದೆ ಎಂಬುದೇ ತಿಳಿಯದೆ ತೆರುವುದು ಬೇರೆ ಮಾತು.

ಊರೊಳಗಿನ ದಾರಿಯಲ್ಲಿ ಗಾಳಿಯ ಪಾಲು ಚಿಕ್ಕದು, ಅಲ್ಲಿನ ದೊಡ್ಡ ಭಕ್ಷಕ ಬ್ರೇಕು. ಅದೇ 1200 ಕೆ.ಜಿ. ಕಾರು 60ರ ವೇಗದಲ್ಲಿ ಹೋಗುತ್ತಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿಯನ್ನು ಗಳಿಸಿಕೊಳ್ಳಲು ಎಂಜಿನ್ ಸುಮಾರು 20 ಮಿಲಿಲೀಟರ್ ಪೆಟ್ರೋಲ್ ಉರಿಸಿರುತ್ತದೆ. ಮುಂದೆ ಕೆಂಪು ದೀಪ ಕಂಡು ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿದರೆ ಅಷ್ಟೂ ಬ್ರೇಕ್ ಪ್ಯಾಡುಗಳಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಅಳತೆಗೆ ಹೇಳುವುದಾದರೆ ನಾಲ್ಕು ಟೀ ಚಮಚ ಪೆಟ್ರೋಲನ್ನು ರಸ್ತೆಗೆ ಸುರಿದಂತೆ. 10 ಕಿ.ಮೀ. ದಾರಿಯಲ್ಲಿ ಇಂಥ 20 ನಿಲುಗಡೆಗಳಾದರೆ ಬ್ರೇಕಿಗೆ ಹೋದದ್ದೇ 400 ಮಿಲಿಲೀಟರ್. ಅದೇ 10 ಕಿ.ಮೀ.ಯನ್ನು ತಡೆಯಿಲ್ಲದೆ ನಿಧಾನಗತಿಯಲ್ಲಿ ಸಾಗಲು ಬೇಕಾದದ್ದು ಕಾಲು ಲೀಟರಿನ ಆಸುಪಾಸು. ನಗರದ ಮೈಲೇಜ್ ಏಕೆ ಕುಸಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಈ ಎರಡು ಅಂಕಿಗಳ ನಡುವೆಯೇ ಇದೆ.

ಆದ್ದರಿಂದ ಚಾಲಕರ ಕೈಯಲ್ಲಿರುವ ಅತಿ ದೊಡ್ಡ ಉಳಿತಾಯ ಮುಂದೆ ನೋಡಿ ಓಡಿಸುವುದರಲ್ಲಿದೆ. ಇನ್ನೂರು ಮೀಟರ್ ದೂರದಲ್ಲಿ ಕೆಂಪು ದೀಪ ಕಾಣುತ್ತಿದೆ ಎಂದುಕೊಳ್ಳಿ. ಒಬ್ಬರು ಕೊನೆಯ ಮೂವತ್ತು ಮೀಟರಿನವರೆಗೂ ಆಕ್ಸಿಲರೇಟರ್ ಒತ್ತಿಕೊಂಡೇ ಹೋಗಿ ಬ್ರೇಕ್ ತುಳಿಯುತ್ತಾರೆ. ಇನ್ನೊಬ್ಬರು ದೀಪ ಕಂಡ ಕೂಡಲೇ ಪಾದ ತೆಗೆದು ಗಾಡಿಯನ್ನು ಗೇರಿನಲ್ಲೇ ಹರಿಯಬಿಡುತ್ತಾರೆ. ಇಬ್ಬರೂ ದೀಪದ ಬಳಿ ತಲುಪುವ ಹೊತ್ತಿನಲ್ಲಿ ಕೆಲವೇ ಸೆಕೆಂಡುಗಳ ವ್ಯತ್ಯಾಸ, ಮತ್ತು ಎರಡನೆಯವರಿಗೆ ಅಷ್ಟರಲ್ಲಿ ದೀಪ ಹಸಿರಾದರೆ ಗಳಿಸಿದ ವೇಗದಲ್ಲಿ ಅರ್ಧವಾದರೂ ಕೈಯಲ್ಲೇ ಉಳಿದಿರುತ್ತದೆ. ಇಲ್ಲಿ ಒಂದು ಹಳೆಯ ತಪ್ಪು ತಿಳಿವಳಿಕೆಯನ್ನೂ ತಿದ್ದಿಕೊಳ್ಳಬೇಕು. ಇಳಿಜಾರಿನಲ್ಲಿ ಅಥವಾ ನಿಲ್ಲುವ ಮುನ್ನ ನ್ಯೂಟ್ರಲ್‌ಗೆ ಹಾಕಿದರೆ ಇಂಧನ ಉಳಿಯುತ್ತದೆ ಎಂಬ ಮಾತು ಕಾರ್ಬ್ಯುರೇಟರ್ ಕಾಲದ್ದು. ಇಂಜೆಕ್ಟರ್ ಇರುವ ಇಂದಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ, ಎಂಜಿನ್ನಿನ ವೇಗ ತೀರಾ ಇಳಿಯುವವರೆಗೆ, ಇಂಧನ ಪೂರೈಕೆಯೇ ನಿಂತುಹೋಗುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ತನ್ನ ಪಾಡಿಗೆ ತಾನು ಉರಿಯಲೇಬೇಕು. ಜೊತೆಗೆ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವೂ ತಪ್ಪುವುದರಿಂದ ಅದು ಅಪಾಯಕಾರಿ ಅಭ್ಯಾಸ.

ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರುಗಳು ಗೆದ್ದದ್ದೂ ಈ ಬ್ರೇಕಿನ ಜಾಗದಲ್ಲಿಯೇ. 1997ರಲ್ಲಿ ಜಪಾನಿನಲ್ಲಿ ಟೊಯೋಟಾ ಸಂಸ್ಥೆ ಪ್ರಿಯಸ್ ಕಾರನ್ನು ಮಾರುಕಟ್ಟೆಗೆ ತಂದಾಗ ಅದರ ಮೂಲ ಉಪಾಯ ಸರಳವಾಗಿತ್ತು: ಬ್ರೇಕಿನಲ್ಲಿ ಬಿಸಿಯಾಗಿ ಹೋಗುವ ಚಲನಶಕ್ತಿಯ ಒಂದು ಭಾಗವನ್ನು ಮೋಟಾರಿನ ಮೂಲಕ ಬ್ಯಾಟರಿಗೆ ಮರಳಿಸುವುದು, ಮತ್ತು ಎಂಜಿನ್ ಅದಕ್ಷವಾಗಿ ಓಡಬೇಕಾದ ಹೊತ್ತಿನಲ್ಲಿ ಅದನ್ನು ಆರಿಸಿಬಿಡುವುದು. ಆದ್ದರಿಂದಲೇ ಹೈಬ್ರಿಡ್ ಕಾರಿನ ಲಾಭ ನಿಂತು ನಿಂತು ಸಾಗುವ ದಾರಿಯಲ್ಲಿ ಎದ್ದು ಕಾಣುತ್ತದೆ, ಹೆದ್ದಾರಿಯ ಏಕರೀತಿಯ ಓಟದಲ್ಲಿ ಬಹಳಷ್ಟು ಕರಗುತ್ತದೆ. ದಿನವೂ ಹೆದ್ದಾರಿಯಲ್ಲೇ ಓಡಾಡುವವರು ನಗರದ ಅಂಕಿಯನ್ನು ನೋಡಿ ಹೈಬ್ರಿಡ್ ಕೊಂಡರೆ ನಿರಾಶರಾಗುವುದು ಸಹಜ.

ಎಂಜಿನ್ ಅದಕ್ಷವಾಗಿ ಓಡುವುದು ಎಂದರೇನು ಎಂಬುದನ್ನೂ ಹೇಳಬೇಕು. ಪೆಟ್ರೋಲ್ ಎಂಜಿನ್ ಹದವಾದ ಹೊರೆಯ ಕೆಳಗೆ ಚೆನ್ನಾಗಿ ದುಡಿಯುತ್ತದೆ. ತೀರಾ ಹಗುರ ಕೆಲಸ ಕೊಟ್ಟರೆ ತನ್ನೊಳಗಿನ ಘರ್ಷಣೆಯನ್ನು ಮೀರುವುದಕ್ಕೂ ಅರೆಮುಚ್ಚಿದ ಥ್ರಾಟಲ್ (ಗಾಳಿ ಒಳಬರುವ ದಾರಿಯ ಕವಾಟ) ಮೂಲಕ ಗಾಳಿ ಎಳೆದುಕೊಳ್ಳುವುದಕ್ಕೂ ಶಕ್ತಿಯ ದೊಡ್ಡ ಪಾಲನ್ನು ವ್ಯಯಿಸುತ್ತದೆ. ಎಂಜಿನ್ ತಿಣುಕದಷ್ಟರ ಮಟ್ಟಿಗೆ ಮೇಲಿನ ಗೇರಿನಲ್ಲಿ, ಕಡಿಮೆ ಸುತ್ತಿನಲ್ಲಿ ಓಡಿಸಿ ಎಂಬ ಸಲಹೆಯ ಹಿಂದಿರುವುದು ಇದೇ ತರ್ಕ. ನಿಂತಲ್ಲೇ ಉರಿಯುವ ಎಂಜಿನ್ನಿನದು ಇದರ ಕೊನೆಯ ಮಟ್ಟ: ಚಿಕ್ಕ ಕಾರೂ ನಿಮಿಷಕ್ಕೆ ಸುಮಾರು 10 ಮಿಲಿಲೀಟರ್ ಕುಡಿಯುತ್ತದೆ, ಓಡಿದ ದೂರ ಸೊನ್ನೆ. ತಣ್ಣಗಿರುವ ಎಂಜಿನ್ನಿನದು ಇನ್ನೊಂದು ಕಥೆ. ಎಣ್ಣೆ ಗಟ್ಟಿಯಾಗಿರುತ್ತದೆ, ಮಿಶ್ರಣದಲ್ಲಿ ಇಂಧನದ ಪಾಲು ಹೆಚ್ಚಿರುತ್ತದೆ, ಎಂಜಿನ್ ಹದಕ್ಕೆ ಬರುವ ಮೊದಲೇ ಸಣ್ಣ ಪ್ರಯಾಣ ಮುಗಿದುಹೋಗಿರುತ್ತದೆ. ಅಮೆರಿಕದ ಸರ್ಕಾರಿ ಅಂದಾಜಿನ ಪ್ರಕಾರ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಗುವುದಕ್ಕಿಂತ ಮೈನಸ್ 7 ಡಿಗ್ರಿಯಲ್ಲಿ ನಗರದ ಮೈಲೇಜ್ ಸುಮಾರು ಶೇ 15ರಷ್ಟು ಇಳಿಯುತ್ತದೆ, ಐದಾರು ಕಿ.ಮೀ.ಗಳ ಸಣ್ಣ ಓಡಾಟದಲ್ಲಿ ಈ ಇಳಿಕೆ ಶೇ 24ರವರೆಗೂ ಹೋಗಬಹುದು.

ಇನ್ನುಳಿದ ಚಿಲ್ಲರೆ ಸಂಗತಿಗಳನ್ನು ಚಿಲ್ಲರೆಯಾಗಿಯೇ ನೋಡಬೇಕು. ಟಯರಿನ ಗಾಳಿ ಕಡಿಮೆಯಾದರೆ ಪ್ರತಿ ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಮೈಲೇಜ್ ಶೇ 0.2ರಷ್ಟು ಇಳಿಯುತ್ತದೆ, ಸಣ್ಣ ಅಂಕಿ, ಆದರೆ ನಾಲ್ಕೂ ಟಯರುಗಳಲ್ಲಿ ಹತ್ತು ಪಿಎಸ್‌ಐ ಇಳಿದದ್ದನ್ನು ತಿಂಗಳುಗಟ್ಟಲೆ ಗಮನಿಸದವರು ಅನೇಕರಿದ್ದಾರೆ, ಮತ್ತು ಅಲ್ಲಿ ಇಂಧನಕ್ಕಿಂತ ಸುರಕ್ಷತೆಯ ಪ್ರಶ್ನೆ ದೊಡ್ಡದು. ಮಾಡಿನ ಮೇಲೆ ಕಟ್ಟಿದ ದೊಡ್ಡ ಪೆಟ್ಟಿಗೆ ಹೆದ್ದಾರಿಯಲ್ಲಿ ಶೇ 6ರಿಂದ 17ರವರೆಗೆ ಕಸಿದುಕೊಳ್ಳಬಲ್ಲದು. ಏರ್ ಫಿಲ್ಟರ್ ಕೊಳೆಯಾದರೆ ಮೈಲೇಜ್ ಇಳಿಯುತ್ತದೆ ಎಂಬುದು ಹಳೆಯ ಎಂಜಿನ್ನುಗಳ ಮಟ್ಟಿಗೆ ನಿಜ. ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್ನುಗಳಲ್ಲಿ ಕುಗ್ಗುವುದು ಎಳೆತ, ಮೈಲೇಜ್ ಅಲ್ಲ. ತಯಾರಕರು ಕೇಳದ ಗಾಡಿಗೆ ಹೆಚ್ಚಿನ ಆಕ್ಟೇನಿನ (ಎಂಜಿನ್ನಿನೊಳಗೆ ಹೊತ್ತಿಗೆ ಮೊದಲೇ ಹತ್ತಿಕೊಳ್ಳದಿರುವ ಗುಣದ ಅಳತೆ) ದುಬಾರಿ ಪೆಟ್ರೋಲ್ ತುಂಬಿಸುವುದರಿಂದ ಗಮನಾರ್ಹ ಲಾಭವಿಲ್ಲ.

ಎಥನಾಲ್ ಬೆರೆತ ಪೆಟ್ರೋಲಿನ ವಿಷಯದಲ್ಲಿ ಎರಡು ಕಡೆಯವರೂ ಆವೇಶದಿಂದ ಮಾತನಾಡುವುದರಿಂದ ಅಂಕಗಣಿತವನ್ನು ಶಾಂತವಾಗಿ ಇಡುವುದು ಅಗತ್ಯ. ಎಥನಾಲಿನ ಲೀಟರಿಗೆ ಸುಮಾರು 21 ಮೆಗಾಜೂಲ್ ಶಕ್ತಿ, ಅಂದರೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಶೇ 10ರ ಮಿಶ್ರಣದಲ್ಲಿ ಲೀಟರಿನ ಒಟ್ಟು ಶಕ್ತಿ ಶೇ 3ರಷ್ಟು, ಶೇ 20ರ ಮಿಶ್ರಣದಲ್ಲಿ ಶೇ 7ರ ಸಮೀಪ ತಗ್ಗುತ್ತದೆ. ಎಥನಾಲಿನ ಆಕ್ಟೇನ್ ಹೆಚ್ಚಾದ್ದರಿಂದ, ಅದಕ್ಕೆಂದೇ ಹೊಂದಿಸಿದ ಎಂಜಿನ್ ಈ ನಷ್ಟದ ಒಂದು ಭಾಗವನ್ನು ತುಂಬಿಕೊಳ್ಳಬಲ್ಲದು. ಹಾಗೆ ಹೊಂದಿಸದ ಎಂಜಿನ್ ಬಹುಮಟ್ಟಿಗೆ ನಷ್ಟವನ್ನೇ ಅನುಭವಿಸುತ್ತದೆ. ಮೈಲೇಜ್ ಇಳಿಯುವುದೇ ಇಲ್ಲ ಎಂಬುದೂ ಸರಿಯಲ್ಲ, ಅರ್ಧಕ್ಕೆ ಬಿತ್ತು ಎಂಬುದೂ ಈ ಲೆಕ್ಕಕ್ಕೆ ಕೂಡುವುದಿಲ್ಲ.

ಅಳತೆಗೋಲಿನಲ್ಲಿಯೇ ಒಂದು ದೋಷವಿದೆ, ಮತ್ತು ಅದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಲೀಟರಿಗೆ 10 ಕಿ.ಮೀ. ಓಡುವ ಗಾಡಿಯನ್ನು ಬಿಟ್ಟು 12 ಓಡುವುದನ್ನು ಕೊಂಡರೆ ಲಾಭ ಹೆಚ್ಚೋ, 20 ಓಡುವುದನ್ನು ಬಿಟ್ಟು 25 ಓಡುವುದನ್ನು ಕೊಂಡರೆ ಹೆಚ್ಚೋ? ಎರಡನೆಯದೇ ಎಂದು ಮನಸ್ಸು ತಟ್ಟನೆ ಹೇಳುತ್ತದೆ. ಆದರೆ 1000 ಕಿ.ಮೀ. ಓಡಿಸಿ ನೋಡಿದರೆ ಮೊದಲ ಬದಲಾವಣೆಯಲ್ಲಿ 100 ಲೀಟರ್ 83ಕ್ಕೆ ಇಳಿದು 17 ಲೀಟರ್ ಉಳಿಯುತ್ತದೆ, ಎರಡನೆಯದರಲ್ಲಿ 50 ಲೀಟರ್ 40ಕ್ಕೆ ಇಳಿದು 10 ಲೀಟರ್ ಮಾತ್ರ ಉಳಿಯುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭ್ರಮೆಯನ್ನು ವಿವರಿಸಿದ ಮೇಲೆ ಇದು ನೀತಿ ನಿರೂಪಕರ ಗಮನಕ್ಕೂ ಬಂತು. ನಾವು ಓಡಬೇಕಾದ ದೂರ ಮೊದಲೇ ಗೊತ್ತಿರುತ್ತದೆ, ತಿಳಿಯಬೇಕಾದದ್ದು ಅದಕ್ಕೆ ಎಷ್ಟು ಲೀಟರ್ ಬೇಕು ಎಂಬುದು; ಯುರೋಪಿನಲ್ಲಿ ರೂಢಿಯಲ್ಲಿರುವ ‘100 ಕಿ.ಮೀ.ಗೆ ಇಷ್ಟು ಲೀಟರ್’ ಎಂಬ ಅಳತೆ ಇದನ್ನು ನೇರವಾಗಿ ಹೇಳುತ್ತದೆ. ಅಮೆರಿಕದಲ್ಲಿಯೂ 2013ರ ಮಾದರಿಗಳಿಂದ ಹೊಸ ಕಾರಿನ ಕಿಟಕಿಯ ಚೀಟಿಯಲ್ಲಿ 100 ಮೈಲಿಗೆ ಎಷ್ಟು ಗ್ಯಾಲನ್ ಎಂಬುದನ್ನು ಸೇರಿಸಲಾಯಿತು. ಹೊಗೆಯ ಲೆಕ್ಕವೂ ಲೀಟರಿಗೇ ಅಂಟಿಕೊಂಡಿದೆ: ಮುಕ್ಕಾಲು ಕೆ.ಜಿ. ತೂಗುವ ಒಂದು ಲೀಟರ್ ಪೆಟ್ರೋಲ್ ಗಾಳಿಯ ಆಮ್ಲಜನಕದೊಡನೆ ಸೇರಿ ಉರಿದಾಗ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅತಿ ಹೆಚ್ಚು ಕುಡಿಯುವ ಹಳೆಯ ಗಾಡಿಗಳನ್ನು ಸ್ವಲ್ಪ ಸುಧಾರಿಸುವುದು, ಈಗಾಗಲೇ ಮಿತವ್ಯಯಿಯಾಗಿರುವ ಗಾಡಿಗಳನ್ನು ಇನ್ನಷ್ಟು ಹಿಂಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬ ಮುಖ್ಯ ಸಂಗತಿ ‘ಲೀಟರಿಗೆ ಇಷ್ಟು’ ಎಂಬ ಅಳತೆಯಲ್ಲಿ ಮರೆಯಾಗುತ್ತದೆ.

ಈಗ ಜಾಹೀರಾತಿನ ಅಂಕಿಗೆ ಬರೋಣ. ಅಧಿಕೃತ ಮೈಲೇಜ್ ಹುಟ್ಟುವುದು ರಸ್ತೆಯಲ್ಲಲ್ಲ, ಪ್ರಯೋಗಾಲಯದ ರೋಲರುಗಳ ಮೇಲೆ. ಗಾಡಿಯನ್ನು ಅಲ್ಲಿ ನಿಲ್ಲಿಸಿ, ಚಕ್ರಗಳು ರೋಲರನ್ನು ತಿರುಗಿಸುವಂತೆ ಮಾಡಿ, ಸೆಕೆಂಡು ಸೆಕೆಂಡಿಗೂ ಗೊತ್ತುಪಡಿಸಿದ ವೇಗದ ಪಟ್ಟಿಯಂತೆ ಓಡಿಸಲಾಗುತ್ತದೆ. ಯುರೋಪಿನಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಎನ್‌ಇಡಿಸಿ ಎಂಬ ಪಟ್ಟಿಯಲ್ಲಿ ಓಟ ಕೇವಲ 11 ಕಿ.ಮೀ., ಸರಾಸರಿ ವೇಗ ಗಂಟೆಗೆ 34 ಕಿ.ಮೀ.; ವೇಗ ಏರಿಸುವ ರೀತಿಯಂತೂ ಯಾವ ಚಾಲಕರೂ ರಸ್ತೆಯಲ್ಲಿ ಅನುಸರಿಸದಷ್ಟು ಮೆದು. ಹೊಸ ಸಹಸ್ರಮಾನದ ಆರಂಭದಲ್ಲಿ ಶೇ 10ಕ್ಕಿಂತ ಕಡಿಮೆಯಿದ್ದ ಪ್ರಯೋಗಾಲಯ ಮತ್ತು ರಸ್ತೆಯ ನಡುವಿನ ಅಂತರ ಒಂದೂವರೆ ದಶಕದಲ್ಲಿ ಶೇ 40ರ ಹತ್ತಿರ ಬಂದಿತು. ಚಾಲಕರು ಆ ಅವಧಿಯಲ್ಲಿ ಕೆಟ್ಟುಹೋದರು ಎಂದಲ್ಲ, ತಯಾರಕರು ಪರೀಕ್ಷೆಗೆ ತಕ್ಕಂತೆ ಗಾಡಿಯನ್ನು ಸಿದ್ಧಪಡಿಸುವುದರಲ್ಲಿ ಪಳಗಿದರು. 2017ರ ಸೆಪ್ಟೆಂಬರಿನಿಂದ ಅದರ ಜಾಗಕ್ಕೆ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ಓಟ 23 ಕಿ.ಮೀ.ಗೆ ಹಿಗ್ಗಿತು, ಗರಿಷ್ಠ ವೇಗ 131ಕ್ಕೆ ಏರಿತು. ಅಮೆರಿಕವೂ ಇದೇ ಪಾಠವನ್ನು ಹಂತಹಂತವಾಗಿ ಕಲಿತಿತ್ತು: 1985ರ ಮಾದರಿಗಳಿಂದ ಪ್ರಯೋಗಾಲಯದ ನಗರದ ಅಂಕಿಯನ್ನು ಶೇ 10, ಹೆದ್ದಾರಿಯದನ್ನು ಶೇ 22 ತಗ್ಗಿಸಿ ಪ್ರಕಟಿಸತೊಡಗಿತು, 2008ರ ಮಾದರಿಗಳಿಂದ ಹೆಚ್ಚಿನ ವೇಗ, ಎ.ಸಿ. ಬಳಕೆ ಮತ್ತು ಚಳಿಯ ಪರೀಕ್ಷೆಗಳನ್ನೂ ಲೆಕ್ಕಕ್ಕೆ ಸೇರಿಸಿತು.

ರೋಲರಿಗೆ ಎಷ್ಟು ತಡೆ ಹಾಕಬೇಕು ಎಂಬುದನ್ನು ತಿಳಿಯಲು ಮೊದಲು ಗಾಡಿಯನ್ನು ಸಮತಟ್ಟಾದ ಹಾದಿಯಲ್ಲಿ ವೇಗಕ್ಕೆ ತಂದು, ನ್ಯೂಟ್ರಲ್‌ನಲ್ಲಿ ಹರಿಯಬಿಟ್ಟು, ಅದು ನಿಧಾನವಾಗುವ ಬಗೆಯನ್ನು ಅಳೆಯಬೇಕಾಗುತ್ತದೆ. ಇಡೀ ಪರೀಕ್ಷೆ ನಿಂತಿರುವ ಬುನಾದಿ ಇದು, ಮತ್ತು ಇದನ್ನು ಸಾಮಾನ್ಯವಾಗಿ ತಯಾರಕರೇ ಅಳೆದು ಕೊಡುತ್ತಾರೆ. 2016ರ ಏಪ್ರಿಲಿನಲ್ಲಿ ಮಿತ್ಸುಬಿಷಿ ಮೋಟರ್ಸ್ ಜಪಾನಿನಲ್ಲಿ ಒಪ್ಪಿಕೊಂಡದ್ದು ಈ ದತ್ತಾಂಶವನ್ನೇ ತಿದ್ದಿದ್ದೆವು ಎಂದು. ಸುಮಾರು 6,25,000 ಚಿಕ್ಕ ಕಾರುಗಳಿಗೆ ಅದು ಸಂಬಂಧಿಸಿತ್ತು. ಬುನಾದಿಯ ಅಂಕಿಯನ್ನು ಸ್ವತಂತ್ರ ಸಂಸ್ಥೆ ಮರುಪರೀಕ್ಷಿಸದೆ ಮೇಲಿನ ಅಂಕಿಗೆ ಮುದ್ರೆ ಒತ್ತುವ ವ್ಯವಸ್ಥೆ ಯಾವ ದೇಶದಲ್ಲಿದ್ದರೂ ಅದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಈ ಸಮಸ್ಯೆಗೆ ಸಿಕ್ಕಿರುವ ಅತ್ಯಂತ ಪ್ರಾಮಾಣಿಕ ಉತ್ತರ, ಗಾಡಿಯೇ ತಾನು ಕುಡಿದ ಇಂಧನದ ಲೆಕ್ಕ ಇಡುವುದು. ಐರೋಪ್ಯ ಒಕ್ಕೂಟದಲ್ಲಿ 2021ರಿಂದ ಎಲ್ಲ ಹೊಸ ಕಾರುಗಳಲ್ಲೂ ಅಂಥ ಅಳತೆಯ ವ್ಯವಸ್ಥೆ ಕಡ್ಡಾಯ. ಹೀಗೆ ಕೂಡಿಬಂದ ಮಾಹಿತಿಯನ್ನು ಆಧರಿಸಿ 2024ರಲ್ಲಿ ಯುರೋಪಿಯನ್ ಕಮಿಷನ್ ಪ್ರಕಟಿಸಿದ ವರದಿಯಲ್ಲಿ, ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳು ಅಧಿಕೃತ ಅಂಕಿಗಿಂತ ಸುಮಾರು ಶೇ 20ರಷ್ಟು ಹೆಚ್ಚು ಇಂಧನ ಬಳಸುವುದು ಕಂಡುಬಂತು. ಪ್ಲಗ್ ಹಾಕಿ ಚಾರ್ಜ್ ಮಾಡಬಹುದಾದ ಹೈಬ್ರಿಡ್‌ಗಳಲ್ಲಿ ವ್ಯತ್ಯಾಸ ಶೇಕಡಾವಾರಿಗೆ ನಿಲುಕದಷ್ಟು: ವಾಸ್ತವದ ಬಳಕೆ ಅಧಿಕೃತ ಅಂಕಿಯ ಸುಮಾರು ಮೂರೂವರೆ ಪಟ್ಟು. ಆ ಕಾರುಗಳನ್ನು ಜನ ಬಹುಪಾಲು ವಿದ್ಯುತ್ತಿನಲ್ಲೇ ಓಡಿಸುತ್ತಾರೆ ಎಂಬ ಊಹೆಯ ಮೇಲೆ ಪರೀಕ್ಷೆಯ ಸೂತ್ರ ನಿಂತಿತ್ತು. ಜನ ಅಷ್ಟು ಚಾರ್ಜ್ ಮಾಡುತ್ತಿರಲಿಲ್ಲ.

ಇಷ್ಟಾದರೂ ಎಂಜಿನ್ನುಗಳು ಉತ್ತಮಗೊಂಡಿಲ್ಲ ಎನ್ನುವುದು ತಪ್ಪು. ದಕ್ಷತೆ ಬೇರೆ, ಮೈಲೇಜ್ ಬೇರೆ ಎಂಬುದನ್ನು ಇಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇಂಧನದಿಂದ ಎಷ್ಟು ಕೆಲಸ ತೆಗೆಯಲಾಯಿತು ಎಂಬುದು ದಕ್ಷತೆ; ಆ ಕೆಲಸವನ್ನು ಯಾವುದಕ್ಕೆ ಖರ್ಚು ಮಾಡಿದೆವು ಎಂಬುದೂ ಸೇರಿದರೆ ಮೈಲೇಜ್. 1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕ 1975ರಲ್ಲಿ ಕಾನೂನು ಮಾಡಿ, 1985ರ ಹೊತ್ತಿಗೆ ಪ್ರಯಾಣಿಕ ಕಾರುಗಳ ಸರಾಸರಿ ಗ್ಯಾಲನ್‌ಗೆ 27.5 ಮೈಲಿ, ಅಂದರೆ ಲೀಟರಿಗೆ ಸುಮಾರು 11.7 ಕಿ.ಮೀ. ಇರಬೇಕೆಂದು ವಿಧಿಸಿತು, ಮೈಲೇಜ್ ನಿಜಕ್ಕೂ ಏರಿತು. ಆದರೆ ತೈಲ ಅಗ್ಗವಾದ ಮೇಲೆ, 1987ರಿಂದ 2004ರ ನಡುವೆ, ಎಂಜಿನ್ ತಂತ್ರಜ್ಞಾನ ಮುಂದುವರಿಯುತ್ತಲೇ ಇದ್ದರೂ ಹೊಸ ಗಾಡಿಗಳ ಸರಾಸರಿ ಮೈಲೇಜ್ ಇಳಿಯಿತು. 1980ರ ದಶಕದ ಆರಂಭದಲ್ಲಿ ನೂರರ ಆಸುಪಾಸಿನಲ್ಲಿದ್ದ ಸರಾಸರಿ ಅಶ್ವಶಕ್ತಿ ಈಗ ಅಲ್ಲಿ 250 ದಾಟಿದೆ. ಎಂಜಿನಿಯರುಗಳು ಉಳಿಸಿಕೊಟ್ಟದ್ದನ್ನು ಹೆಚ್ಚಿನ ತೂಕ ಮತ್ತು ಹೆಚ್ಚಿನ ಎಳೆತ ನುಂಗಿದವು. ಜಗತ್ತಿನಲ್ಲಿ 2023ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಎಸ್‌ಯುವಿಗಳೇ. ಎತ್ತರದ, ಅಗಲದ, ಭಾರದ ಗಾಡಿ ಎಂದರೆ ಮೇಲೆ ಹೇಳಿದ ಮೂವರು ಭಕ್ಷಕರಿಗೂ ಒಟ್ಟಿಗೇ ಪಾಲು ಹೆಚ್ಚಿಸಿದಂತೆ.

ಯಾವ ಅಧಿಕೃತ ಅಂಕಿಯೂ ನಮ್ಮ ದಾರಿಯದಲ್ಲವಾದ್ದರಿಂದ ನಾವೇ ಅಳೆದುಕೊಳ್ಳುವುದು ಒಳ್ಳೆಯದು, ಮತ್ತು ಅದಕ್ಕೆ ಪುಟ್ಟ ಪುಸ್ತಕವೊಂದು ಸಾಕು. ಟ್ಯಾಂಕ್ ಫುಲ್ ಮಾಡಿಸಿ ಓಡೋಮೀಟರಿನ ಅಂಕಿ ಬರೆದುಕೊಳ್ಳಬೇಕು. ಮುಂದಿನ ಸಲ ಮತ್ತೆ ಫುಲ್ ಮಾಡಿಸಿದಾಗ ಹಿಡಿದ ಲೀಟರನ್ನು ಓಡಿದ ದೂರದ ಪಕ್ಕದಲ್ಲಿ ಬರೆಯಬೇಕು. ನನ್ನ ಪುಸ್ತಕದ ಒಂದು ಸಾಲು 487 ಕಿ.ಮೀ., 31.4 ಲೀಟರ್ ಎಂದಿದೆ: ಲೀಟರಿಗೆ 15.5, ಅಥವಾ 100 ಕಿ.ಮೀ.ಗೆ 6.4 ಲೀಟರ್. ಅದೇ ದಿನ ಡ್ಯಾಶ್‌ಬೋರ್ಡಿನ ಪರದೆ 16.8 ಎಂದು ತೋರಿಸುತ್ತಿತ್ತು. ಪೈಪು ಒಮ್ಮೆ ಬೇಗ, ಒಮ್ಮೆ ತಡವಾಗಿ ನಿಲ್ಲುವುದರಿಂದ ಒಂದು ಲೀಟರ್ ಆಚೀಚೆಯಾದರೂ ಶೇ 3ರ ತಪ್ಪಾಗುತ್ತದೆ. ಆದ್ದರಿಂದ ಒಂದು ಸಲದ ಅಂಕಿಯನ್ನು ನಂಬದೆ ನಾಲ್ಕೈದು ಸಲದ್ದನ್ನು ಕೂಡಿಸಿ ಭಾಗಿಸಬೇಕು.

ಆ ಪುಸ್ತಕದ ಅತ್ಯಂತ ಕೆಟ್ಟ ಸಾಲು ಲೀಟರಿಗೆ 9.8. ಅದನ್ನು ನೋಡಿ ಎಂಜಿನ್ನಿಗೆ ಏನಾಯಿತೋ ಎಂದು ಗಾಬರಿಯಾಗಿದ್ದೆ. ಆಮೇಲೆ ಕೂತು ನೆನಪಿಸಿಕೊಂಡರೆ ಆ ತಿಂಗಳ ಓಡಾಟವೆಲ್ಲ ಒಂದೆರಡು ಕಿ.ಮೀ. ದೂರದ ಕೆಲಸಗಳು, ಪ್ರತಿ ಸಲವೂ ತಣ್ಣಗಿನ ಎಂಜಿನ್. ಮುಂದಿನ ತಿಂಗಳು ಅವುಗಳಲ್ಲಿ ಅರ್ಧವನ್ನು ನಡೆದೇ ಮುಗಿಸಿದೆ, ಉಳಿದವನ್ನು ಒಂದೇ ಸುತ್ತಿನಲ್ಲಿ ಜೋಡಿಸಿಕೊಂಡೆ. ಅದೇ ಕಾರು 13.1ಕ್ಕೆ ಬಂತು. ನಡೆದ ಕಿಲೋಮೀಟರುಗಳು ಆ 13.1ರಲ್ಲಿ ಎಲ್ಲೂ ಸೇರಿಲ್ಲ. ಅವುಗಳ ಗುರುತು ಕಾಣುವುದು ಪಕ್ಕದ ಅಂಕಣದಲ್ಲಿ, ಆ ತಿಂಗಳು ತುಂಬಿಸಿದ ಒಟ್ಟು ಲೀಟರುಗಳ ಎದುರು.